ಆಗಾಗ ಸ್ಲೋ

ಜೂನ್ 3, ಸೋಮವಾರ

ಕೆಳಗಿನ ಮಹಡಿಯಿಂದ ಇವತ್ತು ಮತ್ತೆ ದೂರು. "ಸಿಸ್ಟಮ್ ಸ್ಲೋ." ಅಷ್ಟೇ. ಯಾವ ಪರದೆ, ಯಾವ ಹೊತ್ತಿನಲ್ಲಿ, ಏನು ಒತ್ತಿದಾಗ, ಒಂದಕ್ಕೂ ಉತ್ತರವಿಲ್ಲ. ಡಾಕ್ಟರ ಮುಂದೆ ಕೂತು "ನೋವು" ಎಂದು ಒಂದೇ ಮಾತು ಹೇಳಿ ಎದ್ದು ಬಂದರೆ ಹೇಗಿರುತ್ತದೋ ಹಾಗೆ. ಫೋನು ಮಾಡಿ ಯಾವಾಗ ಸ್ಲೋ ಎಂದು ಕೇಳಿದರೆ "ಆಗಾಗ" ಎನ್ನುತ್ತಾಳೆ. ಆಗಾಗ ಎಂಬುದು ಒಂದು ಸಮಯವೇ?

ಆದರೂ ಸರ್ವರ್ ನೋಡಿದೆ. ಪ್ರೊಸೆಸರ್ ತಣ್ಣಗಿದೆ, ಮೆಮೊರಿ ಬೇಕಾದಷ್ಟು ಉಳಿದಿದೆ, ಡಿಸ್ಕ್ ಆಕಳಿಸುತ್ತಿದೆ, ನೆಟ್‌ವರ್ಕ್‌ನಲ್ಲಿ ನರಪಿಳ್ಳೆ ಇಲ್ಲ. "ಎಲ್ಲ ಸರಿ ಇದೆ" ಎಂದು ಬರೆದು ದೂರನ್ನು ಮುಚ್ಚಿದೆ. ಅರ್ಧ ಗಂಟೆ ಕಳೆದಿಲ್ಲ, ಅದೇ ಹೆಂಗಸಿನಿಂದ ಇನ್ನೊಂದು. "ಈಗ ಸರಿ ಇದೆ. ಆಗ ಇರಲಿಲ್ಲ." ಇದಕ್ಕೆ ಏನೆಂದು ಉತ್ತರ ಬರೆಯಲಿ? ಅದನ್ನೂ ಮುಚ್ಚಿದೆ.

ಆಸ್ಪತ್ರೆಗಳಿಗೆ ಸಾಮಾನು ಒದಗಿಸುವ ಕಂಪನಿ ನಮ್ಮದು. ಆರ್ಡರ್ ಬಂದಾಗ ಸ್ಟಾಕ್ ನೋಡಿ ಬಿಲ್ ಹಾಕುವುದು ಕೆಳಗಿನವರ ಕೆಲಸ. ಆ ಸಾಫ್ಟ್‌ವೇರನ್ನು ಸಾಕುವುದು ಮೇಲೆ ಕೂತ ನನ್ನ ಕೆಲಸ. ಬಿಲ್ಲಿಂಗಿನ ಈ ಹೆಂಗಸು ಉಳಿದವರೆಲ್ಲ ಸೇರಿ ಕಳಿಸುವುದಕ್ಕಿಂತ ಹೆಚ್ಚು ದೂರು ಒಬ್ಬಳೇ ಕಳಿಸುತ್ತಾಳೆ. ಹಾಗಾಗಿ ನಮ್ಮ ಕೋಣೆಯಲ್ಲಿ ಅವಳ ಹೆಸರೇ "ದೂರು". ಇಟ್ಟವಳು ನಾನೇ, ಒಪ್ಪುತ್ತದೆ.

ಮನೆಗೆ ಬಂದರೆ ಅತ್ತೆಗೆ ಮಂಡಿನೋವು. ಯಾವಾಗ ಬರುತ್ತೆ ಅತ್ತೆ ಎಂದೆ. "ಆಗಾಗ" ಎಂದರು. ಎದ್ದು ಅಡುಗೆಮನೆಗೆ ಹೋದೆ.

ಜೂನ್ 5, ಬುಧವಾರ

ಮ್ಯಾನೇಜರು ಕರೆಸಿದ್ದರು. ಈ ಮನುಷ್ಯ ಏನು ಹೇಳಿದರೂ ಸರಾಸರಿಯಲ್ಲೇ ಹೇಳುತ್ತಾರೆ. ಸರಾಸರಿ ಮಾರಾಟ, ಸರಾಸರಿ ರಜೆ, ಹೆಂಡತಿಗೆ ಸರಾಸರಿ ಎಷ್ಟು ಸಿಟ್ಟು ಬರುತ್ತದೆ ಎಂಬುದರ ನಕ್ಷೆಯೂ ಎಲ್ಲೋ ಇರಬೇಕು. ಬೆನ್ನ ಹಿಂದೆ ನಾವು ಕರೆಯುವುದು ಸರಾಸರಿ ಸಾಹೇಬರು ಎಂದೇ.

ದೊಡ್ಡ ಆಸ್ಪತ್ರೆಗಳಿಗೆ ಸಾಮಾನು ತಡವಾಗಿ ತಲುಪುತ್ತಿದೆಯಂತೆ. ಕಂಪನಿಯ ಯಜಮಾನರು ಕಾರಣ ಕೇಳಿದ್ದಾರಂತೆ. ಸಾಹೇಬರು ಎರಡು ನಕ್ಷೆ ಪಕ್ಕಪಕ್ಕ ಇಟ್ಟು ಕಾರಣವನ್ನು ಹಿಡಿದೇ ಬಿಟ್ಟಿದ್ದಾರೆ. ಬಿಲ್ ಹೆಚ್ಚು ತಡವಾಗುವುದು ದೂರಿನ ಮೇಜಿನಲ್ಲಿ, ದೂರು ಹೆಚ್ಚು ಬರುವುದೂ ಅಲ್ಲಿಂದಲೇ.

"ಕೆಲಸ ಆಗದವರಿಗೆ ಸಿಸ್ಟಮ್ ಸ್ಲೋ ಅನ್ನೋದೊಂದು ನೆಪ," ಎಂದರು. "ಸಿಸ್ಟಮ್ ಸರಿ ಇದೆ ಅಂತ ನೀವೊಂದು ವರದಿ ಬರ್ಕೊಡಿ. ತಿಂಗಳ ಕೊನೇಲಿ ಅವಳನ್ನ ಮನೆಗೆ ಕಳಿಸೋಣ. ನಿಮ್ಮ ಸಹಿ ಇದ್ರೆ ಯಾರೂ ಕೇಳಲ್ಲ."

ಕಾಗದ ಸಿದ್ಧವಿದ್ದಿದ್ದರೆ ಅಲ್ಲೇ ಸಹಿ ಹಾಕುತ್ತಿದ್ದೆ. ಸಿಸ್ಟಮ್ ಸರಿ ಇದೆ ಎಂಬುದು ನಿಜ, ನಿಜಕ್ಕೆ ಸಹಿ ಹಾಕಲು ಹಿಂಜರಿಕೆ ಏಕೆ? ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಅಂತೆ, ಕ್ಯಾಂಟೀನಿನಲ್ಲಿ ಯಾರೋ ಹೇಳಿದರು. ಹಾಗಿದ್ದ ಮೇಲೆ ನೆಟ್ಟಗೆ ಕೆಲಸ ಮಾಡಬೇಕಿತ್ತು.

ಜೂನ್ 7, ಶುಕ್ರವಾರ

ಸಾಫ್ಟ್‌ವೇರ್ ಮಾರಿದ ಕಂಪನಿಯಿಂದ ತಜ್ಞನೊಬ್ಬ ಬಂದಿದ್ದ. ಕುತ್ತಿಗೆ ಕೊಯ್ಯುವಷ್ಟು ಬಿಗಿಯಾದ ಟೈ. ಕೂತ, ಎರಡು ಪರದೆ ತೆರೆದ, "ಹ್ಞಾಂ" ಎಂದ, ಕಾಫಿ ಕುಡಿದ. ಇದಕ್ಕಿಂತ ದೊಡ್ಡ ಸರ್ವರ್ ತೆಗೆದುಕೊಳ್ಳಿ ಎಂದ.

ಈಗಿರುವ ಸರ್ವರೇ ಕಾಲು ಚಾಚಿ ಮಲಗಿದೆಯಲ್ಲ, ಇನ್ನೂ ದೊಡ್ಡದು ತಂದರೆ ಇನ್ನೂ ಉದ್ದ ಕಾಲು ಚಾಚುತ್ತದೆ ಅಷ್ಟೇ ತಾನೆ ಎಂದು ಕೇಳಿದೆ. "ಭವಿಷ್ಯಕ್ಕೆ ಬೇಕಾಗುತ್ತೆ ಮೇಡಂ" ಎಂದ. ಭವಿಷ್ಯ ಹೇಳುವವರು ಮೊದಲು ಹಸ್ತ ನೋಡುತ್ತಿದ್ದರು, ಈಗ ಟೈ ಕಟ್ಟಿಕೊಂಡು ಬರುತ್ತಾರೆ. ಸಾಹೇಬರು ಮಾತ್ರ ಅವನು ಹೇಳಿದ್ದಕ್ಕೆಲ್ಲ ಕೋಲೆಬಸವನಂತೆ ತಲೆಯಾಡಿಸಿದರು.

ಜೂನ್ 10, ಸೋಮವಾರ

ದೂರಿನಿಂದ ಬೆಳಗ್ಗೆಯಿಂದ ದೂರಿನ ಮೇಲೆ ದೂರು. ಎಲ್ಲವನ್ನೂ ಮುಚ್ಚಿದೆ. ವರದಿ ಶುರು ಮಾಡಿದೆ. ಬಿಸಿಲು.

ಜೂನ್ 12, ಬುಧವಾರ

ದೂರು ಇವತ್ತು ತಾನೇ ಮೆಟ್ಟಿಲು ಹತ್ತಿ ಬಂದಳು. ನೌಕರಿ ಹೋಗುವ ಸುದ್ದಿ ಕಿವಿಗೆ ಬಿದ್ದಿರಬೇಕು, ಅಳುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದುಕೊಂಡಿದ್ದೆ. ಸಣ್ಣ ಮೈಕಟ್ಟು, ನಲವತ್ತರ ಆಚೀಚೆ ವಯಸ್ಸು, ಬೆರಳಿಗೆಲ್ಲ ಲೇಬಲ್ಲಿನ ಅಂಟು. ಅಳಲಿಲ್ಲ. ಕೂರಿ ಎಂದರೂ ಕೂರಲಿಲ್ಲ.

"ಮೇಡಂ, ನಾನು ದೂರು ಕಳಿಸಿ, ನೀವು ಅದನ್ನ ಓದಿ, ಆಮೇಲೆ ನೋಡೋ ಹೊತ್ತಿಗೆ ಅದು ಸರಿಯಾಗೇ ಇರುತ್ತೆ. ಸಿಸ್ಟಮ್ ನಿಂತಿರೋವಾಗ ಒಂದ್ಸಲ ಕೆಳಗೆ ಬಂದು ನೋಡಿ."

ಇಲ್ಲಿಂದಲೇ ಎಲ್ಲ ಕಾಣಿಸುತ್ತದೆ, ಬರುವ ಅಗತ್ಯವಿಲ್ಲ ಎಂದೆ.

"ಸಿಸ್ಟಮ್ ಕಾಣ್ಸುತ್ತೆ. ನಾವು ಕಾಣ್ಸಲ್ಲ ಅಲ್ವಾ," ಎಂದಳು.

ಎಷ್ಟು ಕೊಬ್ಬು ನೋಡಿ. ಪಿತ್ತ ನೆತ್ತಿಗೇರಿತು. ಇವತ್ತು ಊಟಕ್ಕೆ ಮುಂಚೆ ಸಿಸ್ಟಮ್ ಕಲ್ಲಿನಂತೆ ನಿಂತಿತ್ತು ಎಂದು ದೂರು ಬರೆದಿದ್ದಳಲ್ಲ, ಆ ಹೊತ್ತಿನ ಗ್ರಾಫನ್ನು ಅವಳ ಮುಖಕ್ಕೇ ಹಿಡಿದೆ. ಗೆರೆ ನೀಟಾಗಿ, ಸಮನಾಗಿ ಹರಿದಿತ್ತು. ಅವಳು ಗೆರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಇಳಿದು ಹೋದಳು.

ಆಮೇಲೆ ವರದಿಗೆ ಸಾಕ್ಷಿ ಗಟ್ಟಿಯಾಗಿರಲಿ ಎಂದು ಅದೇ ಗ್ರಾಫನ್ನು ಹಿಗ್ಗಿಸಿ ನೋಡಿದೆ. ನಾವು ಇಷ್ಟು ದಿನ ನೋಡುತ್ತಿದ್ದುದು ಒಂದೊಂದು ಗಂಟೆಯ ಸರಾಸರಿ. ನಿಮಿಷ ನಿಮಿಷ ಬಿಡಿಸಿದರೆ ಅವಳು ಹೇಳಿದ ಹೊತ್ತಿನಲ್ಲಿ ಒಂದು ಗುಂಡಿ ಇದೆ. ಸ್ಲೋ ಎಂದರೆ ಕೆಲಸ ಏರಬೇಕು, ಯಂತ್ರ ಏದುಸಿರು ಬಿಡಬೇಕು. ಇಲ್ಲಿ ಕೆಲಸವೇ ಇಳಿದು ತಳ ಮುಟ್ಟಿದೆ. ಆಫೀಸಿನವರೆಲ್ಲ ಒಟ್ಟಿಗೆ ಎದ್ದು ಹೋದರೋ ಎಂಬಂತೆ.

ದೊಡ್ಡ ವಿಷಯವೇನಲ್ಲ. ಗ್ರಾಫ್ ಬರೆಯುವ ಉಪಕರಣದ್ದೇ ಏನೋ ತಪ್ಪಿರಬೇಕು.

ಜೂನ್ 13, ಗುರುವಾರ

ಉಪಕರಣದ್ದೇನೂ ತಪ್ಪಿಲ್ಲ. ಹಿಂದಿನ ದಿನಗಳನ್ನೂ ಬಿಡಿಸಿ ನೋಡಿದೆ. ಎಲ್ಲ ಕಡೆ ಗುಂಡಿ. ದೂರಿನ ದೂರುಗಳ ಹೊತ್ತಿಗೂ ಗುಂಡಿಗಳ ಹೊತ್ತಿಗೂ ತಾಳೆಯಾಗುತ್ತದೆ. ಹಾಳಾದ್ದು, ಒಂದೂ ತಪ್ಪಿಲ್ಲ.

ಅಂದರೆ ಸಿಸ್ಟಮ್ ಸ್ಲೋ ಆಗಿಲ್ಲ. ಕಾಯುತ್ತಿದೆ. ಯಾರಿಗೆ ಕಾಯುತ್ತಿದೆ, ಅದು ಗೊತ್ತಿಲ್ಲ.

ಕೂತು ಕೂತು ಬೆನ್ನು ಹಿಡಿದಿತ್ತು, ನಾಲ್ಕು ಹೆಜ್ಜೆ ನಡೆದಂತಾಗಲಿ ಎಂದು ಕೆಳಗೆ ಹೋದೆ. ಈ ಕಂಪನಿಗೆ ಸೇರಿ ಇಷ್ಟು ವರ್ಷವಾದರೂ ಆ ಕಡೆ ತಲೆ ಹಾಕಿದ್ದು ಕಡಿಮೆ, ಹಾಕಿದ್ದರೂ ಪ್ರಿಂಟರ್ ಕೆಟ್ಟಾಗ. ತಗ್ಗು ಸೂರು, ಉದ್ದ ಮೇಜುಗಳು, ರಟ್ಟಿನ ಪೆಟ್ಟಿಗೆಗಳ ವಾಸನೆ, ಒಂದು ನಿಂತರೆ ಇನ್ನೊಂದು ಕೂಗುವ ಫೋನುಗಳು. ಮಾರಾಟದವರೂ ಬಿಲ್ಲಿಂಗಿನವರೂ ಎದುರುಬದುರು ಕೂರುತ್ತಾರೆ. ದೂರಿನ ಕುರ್ಚಿಗೆ ಒಂದು ಚಕ್ರವಿಲ್ಲ, ರಟ್ಟು ಮಡಿಚಿ ಆಸರೆ ಕೊಟ್ಟುಕೊಂಡಿದ್ದಾಳೆ.

ಪಕ್ಕದಲ್ಲಿ ಸ್ಟೂಲು ಎಳೆದು ಕೂತೆ. ನನ್ನನ್ನು ಕಂಡು ಸಿಸ್ಟಮ್ ಕೂಡ ಶಿಸ್ತಾಗಿ ಓಡಿತು. ಬಹಳ ಹೊತ್ತು ಏನೂ ಆಗಲಿಲ್ಲ. ನೋಡಿದ್ರಾ ಎಂದು ಹೇಳಲು ಬಾಯಿ ತೆರೆದೆ, ನಿಂತಿತು. ಅವಳು ಬಿಲ್ ಉಳಿಸಲು ಒತ್ತಿದ್ದಳು, ಪರದೆ ಕಲ್ಲಾಯಿತು. ಆಚೆ ಮೇಜಿನವನದೂ ನಿಂತಿತು, ಈಚೆಯವನದೂ. ಮಾರಾಟದ ಮಹಾಶಯರು ಸಿಸ್ಟಮ್ಮಿನ ಅಪ್ಪ ಅಮ್ಮನನ್ನೆಲ್ಲ ನೆನೆಸಿಕೊಂಡು ಟೀ ಕುಡಿಯಲು ಎದ್ದರು. ಅವಳು ಮಾತ್ರ ಕೀಲಿಮಣೆಯಿಂದ ಕೈ ತೆಗೆದು ಪಕ್ಕದ ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸತೊಡಗಿದಳು. ನಿಂತಾಗಲೆಲ್ಲ ಲೇಬಲ್ ಕೆಲಸ ಮಾಡುತ್ತಾಳಂತೆ. ಲೇಬಲ್ ಅಂಟಿಸುವುದು ಅವಳ ಕೆಲಸವೇ ಅಲ್ಲ, ಗೋದಾಮಿನವರದ್ದು.

"ಸುಮ್ನೆ ಕೂತ್ರೆ ಸಿಟ್ಟು ಬರುತ್ತೆ ಮೇಡಂ," ಎಂದಳು.

ಮೇಲೆ ಬಂದು ನೋಡಿದೆ. ಆ ಹೊತ್ತಿಗೆ ಸರಿಯಾಗಿ ಒಂದು ಗುಂಡಿ.

ಜೂನ್ 17, ಸೋಮವಾರ

ಸಿಸ್ಟಮ್ ನಿಂತ ಕ್ಷಣದಲ್ಲಿ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದನ್ನು ಹಿಡಿದಿಡುವ ಸಣ್ಣ ಪ್ರೋಗ್ರಾಮೊಂದನ್ನು ಬರೆದೆ. ಭಾನುವಾರವೂ ಅದೇ ಆಯಿತು. ನಮ್ಮ ಮನೆಯವರು ಊಟಕ್ಕೆ ಕರೆದು ಕರೆದು ಸುಸ್ತಾಗಿ ತಟ್ಟೆಯನ್ನೇ ತಂದು ಪಕ್ಕದಲ್ಲಿಟ್ಟು ಹೋದರು. ಏನು ಮಾಡ್ತಿದೀಯ ಎಂದು ಅತ್ತೆ ಕೇಳಿದ್ದಕ್ಕೆ ಬಚ್ಚಲಮನೆಯ ಲೆಕ್ಕದಲ್ಲಿ ವಿವರಿಸಿದೆ. ಒಬ್ಬರು ಒಳಗೆ ಚಿಲಕ ಹಾಕಿಕೊಂಡಿದ್ದಾರೆ, ಹೊರಗೆ ಒಬ್ಬರು ಕಾಯುತ್ತಿದ್ದಾರೆ. ಹೊರಗೆ ಕಾಯುವವರ ಸೊಂಟದಲ್ಲಿ ಅಡುಗೆಮನೆಯ ಬೀಗದಕೈ ಇದೆ, ಆದ್ದರಿಂದ ಅಡುಗೆಮನೆ ಮುಂದೆಯೂ ಜನ ನಿಂತಿದ್ದಾರೆ. ಹೀಗೆ ಒಬ್ಬರ ದೆಸೆಯಿಂದ ಮನೆಯೆಲ್ಲ ನಿಂತಿದೆ, ಆದರೆ ಮನೆಯಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ.

"ಒಳಗಿರೋದು ಯಾರು ಅಂತ ಬಾಗಿಲು ತಟ್ಟಿ ಕೇಳೋದಪ್ಪ," ಎಂದರು ಅತ್ತೆ. "ಅದಕ್ಕೆ ಭಾನುವಾರ ಯಾಕೆ ಬೇಕು?"

ಟೈ ಕಟ್ಟಿದವನ ಬದಲು ಅತ್ತೆಯನ್ನೇ ಕರೆಸಬಹುದಿತ್ತು.

ಜೂನ್ 18, ಮಂಗಳವಾರ

ಸಿಕ್ಕಿತು.

ಊಟದ ಹೊತ್ತಿಗೆ ಎಲ್ಲ ನಿಂತಿತು, ಪ್ರೋಗ್ರಾಮ್ ಸಾಲನ್ನು ಹಿಡಿಯಿತು. ಸಾಲಿನ ಹಿಂದಿಂದ ಒಬ್ಬೊಬ್ಬರನ್ನೇ ದಾಟುತ್ತ ತಲೆಗೆ ಹೋದರೆ, ಅಲ್ಲಿ ಮಾರಾಟದವನೊಬ್ಬನ ಪರದೆ. ಡಯಾಲಿಸಿಸ್ ಫಿಲ್ಟರಿನ ಸ್ಟಾಕನ್ನು ತಿದ್ದುವುದಕ್ಕೆಂದು ತೆರೆದಿಟ್ಟಿದ್ದಾನೆ. ಯಾರಾದರೂ ತಿದ್ದುತ್ತಿರುವಾಗ ಆ ಸರಕಿನ ಲೆಕ್ಕ ಬೇರೆಯವರಿಗೆ ಸಿಗದು, ಅವರು ಮುಗಿಸುವ ತನಕ ಕಾಯಬೇಕು, ಕಾಯುವವರ ಬಿಲ್ಲಿನಲ್ಲಿರುವ ಬೇರೆ ಸರಕುಗಳೂ ಅವರೊಂದಿಗೆ ಸಿಕ್ಕಿಬೀಳುತ್ತವೆ. ಇವನು ಮುಗಿಸಿಯೇ ಇಲ್ಲ.

ಕೆಳಗಿಳಿದು ಅವನ ಜಾಗಕ್ಕೆ ಹೋದೆ. ಕುರ್ಚಿ ಖಾಲಿ. ಪಕ್ಕದಲ್ಲೇ ಕಾದು ನಿಂತೆ. ಬಹಳ ಹೊತ್ತಿನ ಮೇಲೆ ಹಲ್ಲು ಕೆದಕಿಕೊಳ್ಳುತ್ತ ಬಂದ. ಏನನ್ನೂ ತಿದ್ದುವುದಿಲ್ಲ ಎಂದ ಮೇಲೆ ಇದನ್ನು ಏಕೆ ತೆರೆದಿಟ್ಟು ಹೋದಿರಿ ಎಂದೆ.

"ಟವೆಲ್ ಹಾಕಿದ್ದೆ ಮೇಡಂ," ಎಂದ, ಹಲ್ಲು ಕಿರಿದು.

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಜಾಗ ಹಿಡಿಯುತ್ತಾರಲ್ಲ, ಹಾಗೆ. ಫಿಲ್ಟರಿಗೆ ಈಗ ಅಭಾವ, ಬಂದಷ್ಟೂ ಕಣ್ಣೆದುರೇ ಖಾಲಿಯಾಗುತ್ತದೆ. ತನ್ನ ಗಿರಾಕಿ ಹ್ಞೂಂ ಎನ್ನುವವರೆಗೆ ಸರಕನ್ನು ಬೇರೆಯವರು ಹಾರಿಸಿಕೊಂಡು ಹೋಗದಿರಲಿ ಎಂದು ತೆರೆದಿಟ್ಟು ಊಟಕ್ಕೆ ಹೋಗುವುದು. ಎಲ್ಲರೂ ಹಾಕುತ್ತಾರಂತೆ. ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ಕಲಿಸಿಕೊಡುತ್ತಾರಂತೆ. ಸಾಫ್ಟ್‌ವೇರಿನ ಕೈಪಿಡಿ ಒಬ್ಬರೂ ಓದಿಲ್ಲ, ಟವೆಲ್ ಹಾಕುವುದರಲ್ಲಿ ಎಲ್ಲರದೂ ಎತ್ತಿದ ಕೈ.

ಇದರಿಂದಲೇ ಎಲ್ಲರ ಬಿಲ್ಲೂ ನಿಲ್ಲುತ್ತಿರುವುದು ಗೊತ್ತೇನ್ರೀ ಎಂದೆ.

ನಿಜವಾಗಿಯೂ ಬೆರಗಾಗಿ ನೋಡಿದ. "ಅದಕ್ಕೂ ಇದಕ್ಕೂ ಏನ್ ಸಂಬಂಧ ಮೇಡಂ? ಅದು ಸಿಸ್ಟಮ್ ಸ್ಲೋ ಆಗೋದು."

ಇಡೀ ಮಹಡಿಯಲ್ಲಿ ಒಬ್ಬರಿಗೂ ಈ ಎರಡು ಸಂಗತಿಗಳಿಗೆ ಗಂಟು ಹಾಕಬೇಕೆನಿಸಿಲ್ಲ. ತಾವೇ ಬಾಗಿಲಿಗೆ ಚಿಲಕ ಹಾಕಿ, ತಾವೇ ಬಾಗಿಲು ಬಡಿದು, ಮನೆ ಕಟ್ಟಿದವರಿಗೆ ಶಾಪ ಹಾಕುವ ಜನ. ಇವರ ಮಧ್ಯೆ ಕೂತು ಆ ಹೆಂಗಸು ಹೇಗೆ ಇಷ್ಟು ದಿನ ತಲೆ ಕೆಡದೆ ಉಳಿದಳೋ.

ಜೂನ್ 20, ಗುರುವಾರ

ಮೂರು ದಿನದ ಪಟ್ಟಿ ಕೈಯಲ್ಲಿದೆ, ಯಾರು ಎಷ್ಟು ಹೊತ್ತು ಹಿಡಿದಿಟ್ಟಿದ್ದಾರೆಂದು. ಮೊದಲನೆಯ ಹೆಸರು ಸರಾಸರಿ ಸಾಹೇಬರದ್ದೇ. ಅವರ ಸಹಾಯಕ ಬೆಳಗ್ಗೆ ಬಂದವನೇ ಸಾಹೇಬರ ಪಾಸ್‌ವರ್ಡಿನಲ್ಲಿ ಫಿಲ್ಟರನ್ನು ತೆರೆದಿಡುತ್ತಾನೆ. ಅವರಿಗೆ ಬೇಕಾದ ದೊಡ್ಡ ಆಸ್ಪತ್ರೆಯೊಂದಿದೆ, ಅದರ ಪಾಲು ತೆಗೆದಾದ ಮೇಲೆ ಉಳಿದವರಿಗೆ. ನಕ್ಕು ನಕ್ಕು ಕೆಮ್ಮು ಬಂತು. ಎರಡನೆಯವನು ಹಲ್ಲು ಕೆದಕುವವನು.

ಮೂರನೆಯ ಹೆಸರು ದೂರಿನದು.

ಕೆಳಗೆ ಹೋಗಿ ಪಕ್ಕಕ್ಕೆ ಕರೆದು ಸರಿಯಾಗಿ ಗ್ರಹಚಾರ ಬಿಡಿಸಿದೆ. ಊರಿಗೆಲ್ಲ ದೂರು ಬರೆಯುವವಳು ನೀನು, ನಿನ್ನದೂ ಅದೇ ಕತೆಯಾ ಎಂದೆ. ಅವಳು ಮುಚ್ಚಿಡಲಿಲ್ಲ.

"ಊರಾಚೆ ಒಂದು ಸಣ್ಣ ಕ್ಲಿನಿಕ್ ಇದೆ ಮೇಡಂ. ಎರಡೇ ಡಯಾಲಿಸಿಸ್ ಮಷೀನು. ಅವರ ಡಾಕ್ಟರು ಮಧ್ಯಾಹ್ನ ಬಂದು ಸಹಿ ಹಾಕಿದ ಮೇಲೇ ಆರ್ಡರ್ ಕಳಿಸೋಕಾಗೋದು. ಅಷ್ಟೊತ್ತಿಗೆ ದೊಡ್ಡೋರು ಎಲ್ಲಾ ಗುಡಿಸ್ಕೊಂಡು ಹೋಗಿರ್ತಾರೆ. ಅಲ್ಲಿ ಬರೋ ಜನ ಫಿಲ್ಟರ್ ಇಲ್ಲ ಅಂತ ವಾಪಸ್ ಹೋಗೋ ಹಾಗಿಲ್ಲ. ನಾನು ಹಾಕೋದು ಅವರಿಗೊಬ್ಬರಿಗೇ."

ಯಾರಿಗಾದರೇನು, ಹಾಕುವುದು ಹಾಕುವುದೇ ಎಂದೆ. ಅವಳು ಮುಖ ಚಿಕ್ಕದು ಮಾಡಿಕೊಂಡು ಕೇಳಿದಳು.

"ಹಾಗಾದ್ರೆ ನನ್ನಿಂದ್ಲೂ ಸಿಸ್ಟಮ್ ನಿಲ್ತಿತ್ತಾ ಮೇಡಂ?"

"ಸ್ವಲ್ಪ," ಎಂದೆ. "ತೀರಾ ಸ್ವಲ್ಪ."

ಸ್ವಲ್ಪವೇನಲ್ಲ, ಪಟ್ಟಿಯಲ್ಲಿ ಮೂರನೆಯದು. ಆದರೆ ಮೇಜಿನ ಮೇಲೆ ಬಿಲ್ಲುಗಳ ರಾಶಿ ಇತ್ತು, ಅಲ್ಲಿ ನಿಂತು ಅಂಕಿ ಸಂಖ್ಯೆ ವಿವರಿಸುತ್ತ ಕೂರಲು ನನಗೆ ಪುರುಸೊತ್ತಿರಲಿಲ್ಲ.

ಜೂನ್ 25, ಮಂಗಳವಾರ

ಪರಿಹಾರ ಸಿದ್ಧವಾಯಿತು. ತೆರೆದಿಟ್ಟ ಸರಕನ್ನು ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಸಿಸ್ಟಮ್ ತಾನಾಗಿ ಬಿಡಿಸಿಬಿಡುತ್ತದೆ. ಟವೆಲ್ ಎತ್ತಿ ಕಿಟಕಿಯಿಂದಾಚೆ ಎಸೆದ ಹಾಗೆ. ತಿಂಗಳ ಲೆಕ್ಕ ಮುಗಿದ ಮೇಲೆ, ಸೋಮವಾರ ಹಾಕುವುದೆಂದಾಯಿತು.

ಸಣ್ಣ ಗಿರಾಕಿಗಳಿಗಾಗಿ ಒಂದಿಷ್ಟು ಸರಕನ್ನು ರಾಜಾರೋಷವಾಗಿ ಎತ್ತಿಡುವ ಸೌಲಭ್ಯವನ್ನೂ ಸೇರಿಸೋಣ ಎಂದು ಸಾಹೇಬರಿಗೆ ಹೇಳಿದೆ. ತಾಂತ್ರಿಕವಾಗಿ ಅದೇ ಸರಿಯಾದ ದಾರಿ, ಬೇರೆ ಕಾರಣವೇನಿಲ್ಲ. "ಸಣ್ಣವರಿಂದ ಸರಾಸರಿ ಬಿಲ್ ಮೊತ್ತ ಇಳಿಯುತ್ತೆ" ಎಂದರು. ಆಗುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುವ ಧೈರ್ಯವೂ ಇಲ್ಲ ಈ ಮನುಷ್ಯನಿಗೆ.

ವರದಿ ಬರೆದು ಮುಗಿಸಿದೆ. ಒಂದೇ ಪುಟದಲ್ಲಿ ಮುಗಿಯಬೇಕು, ಎರಡನೆಯ ಪುಟವನ್ನು ಇಲ್ಲಿ ಯಾರೂ ತಿರುಗಿಸುವುದಿಲ್ಲ. ಹಾಗಾಗಿ ಹೆಸರುಗಳನ್ನು ಕಡಿಮೆ ಮಾಡಬೇಕಾಯಿತು. ಮೂರನೆಯದರ ದಾಖಲೆ ಅಷ್ಟು ಸ್ಪಷ್ಟವಿಲ್ಲವೇನೋ ಎನಿಸಿತು. ಬಿಟ್ಟೆ. ಉಳಿದವೆಲ್ಲ ಸ್ಪಷ್ಟವಾಗಿವೆ.

ನಮ್ಮ ಕೋಣೆಯ ಮೂಲೆಯಲ್ಲಿ ಒಂದು ಒಳ್ಳೆಯ ಕುರ್ಚಿ ಸುಮ್ಮನೆ ಜಾಗ ತಿನ್ನುತ್ತಿತ್ತು. ಕೆಳಗೆ ಕಳಿಸಿದೆ.

ಜೂನ್ 28, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದಿದ್ದರೆ ಮನೆಯವರ ಮೇಲೆ ಹಾಯುತ್ತೇನೆ. ಆಗಲೇ ಅತ್ತೆ, "ಇವತ್ತು ಇವಳ ತಂಟೆಗೆ ಹೋಗಬೇಡ್ರಪ್ಪ" ಎಂದು ಟೀವಿಯ ದನಿ ತಗ್ಗಿಸಿದ್ದಾರೆ.

ಮೀಟಿಂಗಿನಲ್ಲಿ ಯಜಮಾನರು, ಸಾಹೇಬರು, ಮಾರಾಟದವರೆಲ್ಲ, ಬಾಗಿಲ ಪಕ್ಕ ದೂರು. ನಾನು ವರದಿ ಓದಿದೆ. ಸರ್ವರಿನದೇನೂ ತಪ್ಪಿಲ್ಲ, ಬಿಲ್ಲಿಂಗಿನವರ ನಿಧಾನವೂ ಕಾರಣವಲ್ಲ, ಸರಕು ಹಿಡಿದಿಡುವ ಚಾಳಿಯೇ ಕಾರಣ, ಹಿಡಿದವರು ಇಂಥಿಂಥವರು ಎಂದು ಹೆಸರು ಹೇಳಿದೆ. ಮೊದಲನೆಯ ಹೆಸರು ಓದುವಾಗ ತಲೆಯೆತ್ತಿ ಸಾಹೇಬರ ಮುಖವನ್ನೇ ನೋಡಿ ಓದಿದೆ, ಆ ಸುಖ ಬಿಡುವುದುಂಟೇ.

ಆಮೇಲೆ ನಡೆದದ್ದು ನೋಡಬೇಕಿತ್ತು. ಅದು ತಾನಲ್ಲ, ಸಹಾಯಕ ಇರಬೇಕು ಎಂದರು ಸಾಹೇಬರು. ಸಹಾಯಕ ಯಾರೋ ತೆರೆದಿಟ್ಟು ಹೋಗಿರಬೇಕು ಎಂದ. ಹಲ್ಲು ಕೆದಕುವವನು ತನ್ನ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು ಎಂದ. ಇನ್ನೊಬ್ಬ, ನೆಲ ಒರೆಸುವವರ ಕೈ ತಾಗಿರಬಹುದು ಎಂದ. ಬೆಳಗ್ಗೆಯಿಂದ ಸಂಜೆಯವರೆಗೆ ಟವೆಲ್ ಹಾಕುವ ಗಂಡಸರು, ಒಬ್ಬನಿಗೂ ಟವೆಲ್ ಎಂದರೇನೆಂದೇ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ಎಲ್ಲ ನೆಟ್ಟಗೇ ನಡೆದಿತ್ತು. ಯಾರೂ ಒಪ್ಪದಿದ್ದರೆ ಯಾರ ಮೇಲೂ ಗೂಬೆ ಕೂರಿಸಲು ಬರುತ್ತಿರಲಿಲ್ಲ. ದೂರು ಬಚಾವಾಗಿದ್ದಳು.

ಆಗ ಅವಳು ಎದ್ದು ನಿಂತಳು.

"ನನ್ನ ಹೆಸರು ಬಿಟ್ಟುಹೋಗಿದೆ ಮೇಡಂ. ನಾನೂ ಹಿಡಿದಿಟ್ಟಿದೀನಿ."

ನಾನು ಕಣ್ಣಲ್ಲೇ ಕೂತ್ಕೋ ಎಂದೆ. ಅವಳು ಕೂರಲಿಲ್ಲ. ಕ್ಲಿನಿಕ್ಕಿನ ವಿಷಯ ಹೇಳಿದಳು. ಎಲ್ಲರ ಬಿಲ್ಲು ಇದರಿಂದ ನಿಲ್ಲುತ್ತದೆಂದು ಗೊತ್ತಿರಲಿಲ್ಲ, ಗೊತ್ತಾದ ದಿನದಿಂದ ಹಿಡಿದಿಲ್ಲ, ಆ ದಿನದಿಂದ ಕ್ಲಿನಿಕ್ಕಿಗೆ ಫಿಲ್ಟರ್ ಸರಿಯಾಗಿ ಹೋಗಿಲ್ಲ ಎಂದಳು. ಯಜಮಾನರತ್ತ ತಿರುಗಿ, ಅವರಿಗೇನಾದರೂ ದಾರಿ ಮಾಡಿಕೊಡಿ ಸರ್ ಎಂದಳು. ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಂಡು, ಊರಾಚೆಯವರಿಗೆ ದಾರಿ ಕೇಳುತ್ತಾಳೆ.

ಸಾಹೇಬರಿಗೆ ಹೋದ ಜೀವ ಬಂತು. "ನೋಡಿದ್ರಾ ಸರ್, ಒಪ್ಕೊಂಡ್ಲು" ಎಂದರು.

ನಾನು ಸುಮ್ಮನಿರಲಿಲ್ಲ. "ಒಪ್ಕೊಂಡೋರನ್ನ ಕಳಿಸ್ತೀರಿ ಅಂದ್ರೆ, ಒಪ್ಪದೇ ಇರೋರ ಪಟ್ಟಿ ಇಲ್ಲಿದೆ ಸರ್. ಮೊದಲನೇ ಹೆಸರಿಂದ ಶುರು ಮಾಡೋಣ," ಎಂದೆ. ಯಜಮಾನರು ಪಟ್ಟಿಯ ಮೇಲ್ತುದಿ ನೋಡಿದರು, ಸಾಹೇಬರನ್ನು ನೋಡಿದರು, ಕೈಗಡಿಯಾರ ನೋಡಿದರು. ಆಸ್ಪತ್ರೆಯವರಿಗೆ ಯಾರ ಮೇಲಾದರೂ ಕ್ರಮ ಆಗಿದೆ ಅಂತ ತೋರಿಸಬೇಕಲ್ಲಮ್ಮಾ ಎಂದರು ನನಗೆ, ಬಹಳ ಮೃದುವಾಗಿ.

ಅವಳು ತಪ್ಪಿತಸ್ಥಳೆಂದು ಸೇರಿಸಿದ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಸಾಹೇಬರು ನನ್ನ ಪರವಾಗಿ ಎಂದು ಬರೆದು ತಾವೇ ಹಾಕಿಕೊಂಡರು.

ಹೊರಗೆ ಬಂದ ಮೇಲೆ ಅವಳನ್ನು ಹಿಡಿದು ಬಾಯಿಗೆ ಬಂದಂತೆ ಬೈದೆ. ಹುಚ್ಚೀ, ನಿನ್ನ ಹೆಸರು ತೆಗೆದಿದ್ದೆನಲ್ಲ, ಬಾಯಿ ಮುಚ್ಚಿಕೊಂಡು ಕೂರಲು ನಿನಗೇನಾಗಿತ್ತು ಎಂದೆ.

"ನಾನು ಇಷ್ಟು ದಿನ ನಿಜ ಬರೀತಿದೀನಿ ಅಂತ ನೀವೊಬ್ರೇ ನಂಬಿದ್ದು ಮೇಡಂ," ಎಂದಳು. "ನಿಮ್ಮ ವರದೀಲಿ ಸುಳ್ಳು ಇರೋದು ಬೇಡ ಅನ್ನಿಸ್ತು."

ನಾನು ನಂಬಿದ್ದೆನಂತೆ. ಯಾವಾಗ ನಂಬಿದೆ? ಎಲ್ಲವನ್ನೂ ಮುಚ್ಚಿದವಳು ನಾನು. ಪೆದ್ದಿ, ಶುದ್ಧ ಪೆದ್ದಿ. ಊಟ ಸೇರಲಿಲ್ಲ.

ಜುಲೈ 1, ಸೋಮವಾರ

ಅವಳ ಮೇಜು ಖಾಲಿ.

ಬೆಳಗ್ಗೆ, ಹತ್ತು ನಿಮಿಷಕ್ಕೆ ಸರಕು ಬಿಡಿಸುವ ನಿಯಮ ಹಾಕಿದೆ. ಇಡೀ ದಿನ ಎಲ್ಲೂ ಒಂದು ಗುಂಡಿಯಿಲ್ಲ. ಸಂಜೆ ಸಾಹೇಬರು ಎಲ್ಲರಿಗೂ ಮೇಲ್ ಕಳಿಸಿದರು. "ತೊಂದರೆಯ ಮೂಲವನ್ನು ಹೊರಹಾಕಿದ ಮೊದಲ ದಿನವೇ ಸಿಸ್ಟಮ್ಮಿನ ಸರಾಸರಿ ವೇಗ ಗಣನೀಯವಾಗಿ ಏರಿದೆ." ನಕ್ಷೆ ಬೇರೆ ಅಂಟಿಸಿದ್ದಾರೆ. ಅವಳು ಹೋದ ದಿನ, ವೇಗ ಏರಿದ ದಿನ, ಎರಡೂ ಒಂದೇ. ಯಾರಾದರೂ ನೋಡಿದರೆ ನಂಬದೆ ಗತ್ಯಂತರವಿಲ್ಲ. ಆ ನಿಯಮವನ್ನು ನಾಳೆ ಹಾಕಿದ್ದರೂ ಆಗುತ್ತಿತ್ತಲ್ಲ, ನನ್ನ ಬುದ್ಧಿಗಿಷ್ಟು.

ಬೈಯುವುದು ಬಾಕಿ ಉಳಿದಿತ್ತು, ಅವಳಿಗೆ ಫೋನು ಮಾಡಿದೆ. ಅವಳು ಕೇಳಿದ್ದು ಒಂದೇ, ಶನಿವಾರದ ಕ್ಲಿನಿಕ್ಕಿನ ಆರ್ಡರಿಗೆ ಯಾರಾದರೂ ಬಿಲ್ ಹಾಕಿದರೇ ಎಂದು. ನಿನ್ನ ಹೊಟ್ಟೆಪಾಡು ನೋಡ್ಕೋ ಮೊದಲು ಎಂದು ಗದರಿ ಇಟ್ಟೆ.

ನಮ್ಮ ಮನೆಯವರ ಆಫೀಸಿನಲ್ಲಿ ಬಿಲ್ಲಿಂಗಿಗೆ ಜನ ಬೇಕು ಎಂದು ಇವರೇ ಹಿಂದೆ ಹೇಳಿದ್ದರು. ವಿಚಾರಿಸಿ ಎಂದೆ. ನೋಡೋಣ ಎಂದರು. ನೋಡೋಣ ಅಲ್ಲ, ನಾಳೆ ಬೆಳಗ್ಗೆ ಮೊದಲ ಕೆಲಸ ಅದು ಎಂದೆ. "ಯಾರೇ ಅವಳು, ನಿನ್ನ ಫ್ರೆಂಡಾ?" ಎಂದು ಕೇಳಿದರು. ಏನು ಮಾತಾಡುತ್ತಾರೋ. ಹಗಲೂ ರಾತ್ರಿ ನನಗೆ ತಲೆನೋವು ತಂದವಳು.

ಜುಲೈ 2, ಮಂಗಳವಾರ

ಗುರುವಾರ ಬಂದು ಕಾಣಲಿ ಎಂದು ಇವರ ಆಫೀಸಿನವರು ಹೇಳಿದ್ದಾರಂತೆ. ಅವಳಿಗೆ ಹೇಳಿದೆ. ಲೇಬಲ್ಲಿನ ಅಂಟು ತೊಳೆದುಕೊಂಡು ಹೋಗು ಎಂದೂ ಹೇಳಿದೆ.

ಜುಲೈ 3, ಬುಧವಾರ

ಹೊಸ ನಿಯಮವನ್ನು ಜನ ಬಳಸುವ ಜಾಗದಲ್ಲೇ ಕೂತು ಪರೀಕ್ಷಿಸಬೇಕು, ಮೇಲಿಂದ ಕಾಣುವುದಿಲ್ಲ. ಅದಕ್ಕೇ ಊಟದ ಹೊತ್ತಿಗೆ ಕೆಳಗೆ ಹೋಗಿ ಖಾಲಿ ಇದ್ದ ಮೇಜಿನಲ್ಲಿ ಕೂತೆ. ಖಾಲಿ ಇದ್ದದ್ದು ಅವಳದೊಂದೇ.

ಆ ಮೇಜಿನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಎದುರಿನ ಶಿಖಾಮಣಿಗಳು ಒಬ್ಬರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಎತ್ತಿದೆ. ಕ್ಲಿನಿಕ್ಕಿನ ನರ್ಸು.

"ಅಕ್ಕ ಇಲ್ವಾ?"

ಇಲ್ಲ ಎಂದೆ. ಫೋನು ಇಟ್ಟುಬಿಡುತ್ತಾಳೇನೋ ಎನಿಸಿತು.

"ನಾನು ಅವರ ಕಡೆಯವಳು," ಎಂದೆ. "ಏನಾಗ್ಬೇಕು ಹೇಳಮ್ಮಾ."

ನಾಳೆಗೆ ಒಂದೂ ಫಿಲ್ಟರ್ ಉಳಿದಿಲ್ಲವಂತೆ, ಬೆಳಗ್ಗೆ ಮೊದಲ ಪಾಳಿಗೆ ಇಬ್ಬರು ಬರುವವರಿದ್ದಾರಂತೆ. ಡಾಕ್ಟರು ಇನ್ನೂ ದಾರಿಯಲ್ಲಿದ್ದಾರೆ, ಸಹಿಯಾದ ಕೂಡಲೇ ಆರ್ಡರ್ ಕಳಿಸುತ್ತೇವೆ ಎಂದಳು. ಸ್ಟಾಕ್ ನೋಡಿದೆ. ಇದ್ದದ್ದು ಕೆಲವೇ ಪೆಟ್ಟಿಗೆ. ಮಾರಾಟದವರು ಊಟ ಮುಗಿಸಿ ಒಬ್ಬೊಬ್ಬರಾಗಿ ಬರತೊಡಗಿದ್ದರು.

ಫಿಲ್ಟರನ್ನು ತಿದ್ದಲು ತೆರೆದೆ. ನಿಯಮ ಪರೀಕ್ಷಿಸಬೇಕಾದರೆ ಏನನ್ನಾದರೂ ತೆರೆಯಲೇಬೇಕಲ್ಲ. ಹತ್ತು ನಿಮಿಷ ಮುಟ್ಟದಿದ್ದರೆ ತಾನಾಗಿ ಬಿಟ್ಟುಕೊಡುತ್ತದೆ, ಮುಟ್ಟುತ್ತಿದ್ದರೆ ಬಿಡುವುದಿಲ್ಲ. ಎರಡನ್ನೂ ನೋಡಬೇಕು. ಮೊದಲು ಮುಟ್ಟುವುದನ್ನು ನೋಡೋಣ ಎಂದು ಆಗಾಗ ಒಂದು ಕೀಲಿ ಒತ್ತುತ್ತ ಕೂತೆ. ಡಾಕ್ಟರು ಯಾವ ದಾರಿ ಹಿಡಿದು ಬರುತ್ತಿದ್ದರೋ, ಬಹಳ ಹೊತ್ತಾಯಿತು.

ಹಲ್ಲು ಕೆದಕುವವನು ಎದುರಿನಿಂದ ಪರದೆಯನ್ನು ಕುಟ್ಟಿದ. ಅವನ ಪಕ್ಕದವನೂ ನಿಟ್ಟುಸಿರು ಬಿಟ್ಟ. ಇಡೀ ಸಾಲು ಕೈ ಕಟ್ಟಿ ಕೂತಿತು.

"ಮೇಡಂ, ಸಿಸ್ಟಮ್ ಮತ್ತೆ ನಿಂತೋಯ್ತು."

"ಗೊತ್ತು," ಎಂದೆ. "ಆರ್ಡರ್ ಬರೋವರೆಗೂ ಹಾಗೇ ನಿಂತಿರುತ್ತೆ. ಅಲ್ಲಿ ಪೆಟ್ಟಿಗೆ ಇವೆ ನೋಡಿ, ಲೇಬಲ್ ಅಂಟಿಸ್ತಿರಿ."

ಬಾಯಿ ತೆರೆದುಕೊಂಡೇ ನೋಡಿದ. ನಾನು ಇನ್ನೊಮ್ಮೆ ಕೀಲಿ ಒತ್ತಿದೆ. ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.